ಸುಡದ ಮರಳು

ಮರಳು ಸುಡುತ್ತಿತ್ತಂತೆ. ನನಗೆ ಗೊತ್ತಾಗಲಿಲ್ಲ.

ನನ್ನ ಕಾಯಿಲೆ ಮೊದಲು ಕಾಣಿಸಿಕೊಂಡದ್ದು ವೇಳಾಂಕಣಿಯಲ್ಲಿ, ನಡುಮಧ್ಯಾಹ್ನ. ಅರಸೀಕೆರೆ ಚರ್ಚಿನಿಂದ ಇಪ್ಪತ್ತು ಮಂದಿ ರೈಲು ಹತ್ತಿ ಯಾತ್ರೆಗೆ ಹೋಗಿದ್ದೆವು. ಮಾತೆಗೆ ಹರಕೆ ಹೊತ್ತವರು ಅಲ್ಲಿನ ಮರಳು ದಾರಿಯನ್ನು ಬರಿಗಾಲಲ್ಲಿ ದಾಟಬೇಕು, ಅದು ನಮ್ಮ ಗುಂಪಿನ ಪದ್ಧತಿ. ಪ್ರಾಯದ ಹೆಂಗಸರೇ ಕಾಲು ಎತ್ತೆತ್ತಿ ಕುಣಿಯುತ್ತಿದ್ದರು. ನಾನು ಜಪಮಾಲೆ ಎಣಿಸುತ್ತಾ ನೆಟ್ಟಗೆ ಹೋದೆ, ನೆಟ್ಟಗೆ ಬಂದೆ.

"ನಿಂಗೆ ಸುಡಾಕಿಲ್ವೇನೇ?" ಎಂದಳು ರೆಜಿನಾ. ತವರು ಹಳೇಬೀಡು, ನನ್ನ ಓರಗೆ, ಯಾತ್ರೆಗೆ ಹೋದಾಗಲೆಲ್ಲ ನನ್ನ ಪಕ್ಕದ ಸೀಟು.

"ಇಲ್ಲ."

"ಹಂಗಾದ್ರೆ ಮಾತೆ ನಿನ್ನ ಎತ್ಕೊಂಡೇ ಹೋದ್ಲು ಕಣೇ. ನಾನು ಕುಂಟ್ತಾ ಇವ್ನಿ, ನನ್ ಪಾಪ ಜಾಸ್ತಿ ಇರ್ಬೇಕು."

ನಾನೂ ನಂಬಿದೆ. ಗಂಡ ಸತ್ತ ಮೇಲೆ ಹನ್ನೆರಡು ವರ್ಷ ಕೂಗಿದ್ದೆ, ಯಾರೂ ಓಗೊಟ್ಟಿರಲಿಲ್ಲ. ಈಗ ದೇವರ ತಾಯಿಯೇ ಓಗೊಟ್ಟಳು ಅಂತ ರೈಲಿನಲ್ಲಿ ಎಲ್ಲರ ಮುಂದೆ ಅತ್ತೆ. ಊರಿಗೆ ಬಂದು ಭಾನುವಾರ ಚರ್ಚಿನಲ್ಲಿ ಈ ಪವಾಡಕ್ಕೆ ಸಾಕ್ಷಿ ಹೇಳಿದೆ. ಹೆಂಗಸರು ನನ್ನ ಪಾದ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು.

ಮರುದಿನ ಮಗಳು ಸ್ಟೆಲ್ಲಾ ನೆಲ ಒರೆಸುತ್ತಾ ಕೇಳಿದಳು, "ಅಮ್ಮಾ, ಈ ಕೀವು ಯಾರ್ದು?"

ನನ್ನದು.

ಹಾಸನದ ಆಸ್ಪತ್ರೆಯಲ್ಲಿ ಡಾಕ್ಟರು ನನ್ನ ಕಣ್ಣು ಮುಚ್ಚಿಸಿದರು. ಪಾದಕ್ಕೆ ಚುಚ್ಚಿದಾಗ ಹೇಳಬೇಕು ಎಂದರು. ನಾನು ಕಾಯುತ್ತಾ ಕೂತೆ. ಕೊನೆಗೆ ನಾನೇ, "ಯಾವಾಗ ಚುಚ್ತೀರಿ?" ಎಂದೆ.

"ಆಗ್ಲೇ ಆರು ಸಲ ಚುಚ್ಚಿದೀನಿ ಅಜ್ಜಿ."

ಎಷ್ಟೋ ವರ್ಷದಿಂದ ಶುಗರ್ ಇತ್ತಂತೆ. ನರ್ವ್ ಡ್ಯಾಮೇಜ್, ಪಾದದ ನರ ಕೆಟ್ಟಿವೆ ಎಂದರು. ಕೊಬ್ಬರಿ ಮಂಡಿಯಲ್ಲಿ ಚಿಪ್ಪು ಬಿಡಿಸುತ್ತಾ ದಿನವಿಡೀ ಕಾಲು ಮಡಿಸಿ ಕೂರುವ ನಾನು ಜೋಮು ಅಂದುಕೊಂಡಿದ್ದೆ.

ಎರಡು ಬೆರಳು ತೆಗೆದರು.

ದಿನಾ ಡ್ರೆಸಿಂಗ್. ವಾಸನೆ ಬರುತ್ತಿತ್ತು, ನೋವು ಬರುತ್ತಿರಲಿಲ್ಲ. ಒಂದು ದಿನ ಯಾತ್ರೆಯ ಗುಂಪಿನವರು ಬಂದರು. ಮಾತೆ ನನ್ನನ್ನು ಪರೀಕ್ಷೆ ಮಾಡುತ್ತಿದ್ದಾಳೆ ಎಂದು ಮಂಚದ ಸುತ್ತ ನಿಂತು ಪ್ರಾರ್ಥಿಸಿದರು. ಡಾಕ್ಟರು ಹೇಳಿದ್ದನ್ನು ನಾನು ಅವರಿಗೆ ಹೇಳಲಿಲ್ಲ. ಆ ಪವಾಡ ಒಂದು ಬಿಟ್ಟರೆ ನನ್ನದು ಅಂತ ಬೇರೆ ಏನಿತ್ತು? ಅಷ್ಟು ಜನ ನನಗಾಗಿ ಕಣ್ಣು ಮುಚ್ಚಿದ್ದರು, ನಾನೊಬ್ಬಳೇ ಕಣ್ಣು ಬಿಟ್ಟುಕೊಂಡು ಮಲಗಿದ್ದೆ. ಗಂಡನನ್ನು ಮಣ್ಣು ಮಾಡಿದ ದಿನವೂ ನಾನು ಅಷ್ಟು ಒಂಟಿ ಆಗಿರಲಿಲ್ಲ.

ಮುಂದಿನ ವರ್ಷ ಪೂಜೆ ಮುಗಿದ ಮೇಲೆ ಚರ್ಚಿನಲ್ಲಿ ಯಾತ್ರೆಗೆ ಹೆಸರು ಬರೆಯುತ್ತಿದ್ದರು. ರೆಜಿನಾ ಬರೆಸಿ ಬಂದು ನನ್ನ ಕೈ ಹಿಡಿದಳು.

"ಡಾಕ್ಟ್ರು ನಂಗೆ ಶುಗರ್ ಐತೆ ಅಂದವ್ರೆ. ಆದ್ರೂ ಈ ಸಲ ನಿನ್ ಥರಾನೇ ನಡೀತೀನಿ. ಈಗೀಗ ಮುಳ್ಳು ಚುಚ್ಚುದ್ರೂ ನಂಗೆ ಗೊತ್ತಾಗಾಕಿಲ್ಲ. ಮಾತೆ ದಯೆ."

ನಾನು ಚಪ್ಪಲಿ ಬಿಟ್ಟು ಪಾದವನ್ನು ಬೆಂಚಿನ ಮೇಲೆ ಇಟ್ಟೆ. ಎಲ್ಲರೂ ತಿರುಗಿದರು.

"ಅದು ಪವಾಡ ಅಲ್ಲ ಕಣೇ. ನನ್ ಕಾಲು ಸತ್ತಿತ್ತು. ನಿಂದೂ ಸಾಯ್ತಾ ಐತೆ."

ರೆಜಿನಾ ಕೈ ಬಿಟ್ಟಳು. "ವರ್ಷ ಪೂರ್ತಿ ಕಾಲು ಮುಟ್ಟಿಸ್ಕಂಡೆ. ಈಗ ಹೇಳ್ತೀಯಾ?"

ನಾನು ಕಾಲು ಇಳಿಸಿ ಚಪ್ಪಲಿ ಮೆಟ್ಟಿದೆ. ಆ ಭಾನುವಾರದಿಂದ ಬೆಂಚಿನಲ್ಲಿ ನನ್ನ ಪಕ್ಕ ಜಾಗ ಖಾಲಿ.

ಅವರು ಹೊರಟ ದಿನ ಸ್ಟೇಷನ್ನಿಗೆ ಹೋಗಿ ಕಂಬದ ಹತ್ತಿರ ನಿಂತೆ. ಯಾರೂ ಮಾತಾಡಿಸಲಿಲ್ಲ. ರೈಲು ಅಲುಗಿದಾಗ ರೆಜಿನಾ ಬಾಗಿಲಿಗೆ ಬಂದಳು. ಮುಖ ಬಿಗಿದುಕೊಂಡೇ ಇದ್ದಳು. ಸೀರೆ ಸ್ವಲ್ಪ ಎತ್ತಿ ತೋರಿಸಿದಳು. ಕಾಲಲ್ಲಿ ಮೊಮ್ಮಗನ ಸ್ಕೂಲ್ ಬೂಟು, ಲೇಸು ಬಿಗಿಯಾಗಿ ಕಟ್ಟಿದ್ದಳು.

ಮಾತೆ ನನ್ನನ್ನು ಎತ್ತಿಕೊಂಡಿರಲಿಲ್ಲ. ಅದಕ್ಕೆ ನನಗೆ ಸಿಟ್ಟಿಲ್ಲ. ಮನೆಗೆ ಬಂದು, ಡಾಕ್ಟರು ಹೇಳಿಕೊಟ್ಟ ಹಾಗೆ ಅಂಗಾಲಿಗೆ ಕನ್ನಡಿ ಹಿಡಿದು ನೋಡಿಕೊಂಡೆ. ಎಂಟು ಬೆರಳು. ಗಾಯ ಇಲ್ಲ. ಆಮೇಲೆ ಮಾತೆಗೆ ವಂದನೆ ಹೇಳಿದೆ.