ರ‍್ಯಾಲಿಯ ಕಾರು ಕೆಟ್ಟು ನಿಂತಾಗ

ಗೆಳೆಯ ಶಿವಾನಂದನ ಹಳೇ ಕಾರಿನಲ್ಲಿ ನಾವಿಬ್ಬರೂ ಹವ್ಯಾಸಿಗಳ ರ‍್ಯಾಲಿಗೆ ಹೊರಟಿದ್ದೆವು. ಸವದತ್ತಿ ದಾಟಿ ರಾಮದುರ್ಗದ ದಾರಿ ಹಿಡಿದ ಮೇಲೆ ರೇಡಿಯೇಟರ್ ಒಡೆದು ಕಾರು ನಿಂತುಬಿಟ್ಟಿತು. ಬಾನೆಟ್ ಎತ್ತುವಷ್ಟರಲ್ಲಿ ಪಕ್ಕದ ಜೋಳದ ಹೊಲದಿಂದ ಒಬ್ಬ ಓಡಿಬಂದ.

“ಸಾಹೇಬ್ರ, ನಮ್ಮ ಮನಿಯಾಕಿಗೆ ಹಾವು ಕಡದೈತ್ರಿ. ರಾಮದುರ್ಗ ದವಾಖಾನಿಗೆ ಮುಟ್ಟಸ್ರಿ.”

“ಗಾಡಿ ಕೆಟ್ಟೈತ್ರಿ,” ಅಂದ ಶಿವಾನಂದ.

“ಹಂಗ ಅನಬ್ಯಾಡ್ರಿ, ನಿಮ್ಮ ಕಾಲ ಬೀಳತೇನಿ.” ನಾವು ನೆಪ ಹೇಳುತ್ತಿದ್ದೇವೆಂದೇ ಅವನು ತಿಳಿದಿದ್ದ.

ಹಿಂದೆ ಬರುತ್ತಿದ್ದ ರ‍್ಯಾಲಿಯ ಕಾರುಗಳಿಗೆ ನಾವು ಎರಡೂ ಕೈ ಬೀಸಿದೆವು. ಹುರಿದುಂಬಿಸುತ್ತಿದ್ದೇವೆ ಅಂದುಕೊಂಡು ಅವರೂ ನಗುತ್ತ ಕೈ ಬೀಸಿ, ಹಾರ್ನ್ ಹೊಡೆದು ಹೋದರು. ಒಬ್ಬರೂ ನಿಲ್ಲಲಿಲ್ಲ. ಕೊನೆಗೆ ಒಂದು ಟ್ರ್ಯಾಕ್ಟರ್ ಬಂತು. ಗಂಡ ನಮ್ಮನ್ನು ಹೊಲದ ಬದುವಿನ ಮೇಲೆ ಬಿದ್ದಿದ್ದ ಹೆಂಡತಿಯ ಹತ್ತಿರ ಕರೆದೊಯ್ದ. ಶಿವಾನಂದನೇ ಆಕೆಯನ್ನು ಎತ್ತಿ ಟ್ರೇಲರಿನಲ್ಲಿ ಮಲಗಿಸಿ, ಗಂಡನ ಜೊತೆ ತಾನೂ ಹತ್ತಿದ. ನಾನು ಕಾರಿನ ಹತ್ತಿರ ಉಳಿದೆ.

ಇಳಿಹೊತ್ತಿಗೆ ಶಿವಾನಂದ ಬಸ್ಸಿನಲ್ಲಿ ವಾಪಸ್ ಬಂದ.

“ರಾಮದುರ್ಗ ಕಾಣೂ ಹೊತ್ತಿಗೆ ಹ್ವಾದ್ಳೋ. ನನ್ನ ಕೈ ಹಿಡಕೊಂಡಾಕಿ ಬಿಡಲೇ ಇಲ್ಲ.”

ಆಮೇಲೆ ನಮ್ಮ ಕಾರನ್ನು ಎಳೆದೊಯ್ಯಲು ಬಂದ ಸಂಘಟಕರು, ನಮ್ಮನ್ನು ಸ್ಪರ್ಧೆಯಿಂದ ತೆಗೆದುಹಾಕಲಾಗಿದೆ ಅಂದರು. ಕಾರು ಕೆಟ್ಟದ್ದಕ್ಕಲ್ಲವಂತೆ. ನಮ್ಮಲ್ಲೊಬ್ಬ ಬೇರೆ ವಾಹನ ಹತ್ತಿ ಮುಂದೆ ಹೋದದ್ದಕ್ಕಂತೆ.