ಬ್ರಿಟಾ ಅವರ ಮನೆಯಲ್ಲಿ ಸದಾ ಮಾರ್ಚ್

ಹಳೆಯ ಪತ್ರಿಕೆಗೆ ಒಂದು ವಾಸನೆ ಇರುತ್ತದೆ, ನಿಮಗೂ ಗೊತ್ತಿರಬೇಕು. ಗೋಣಿಚೀಲ, ಇಲಿ, ನಿವೃತ್ತ ಮೇಷ್ಟ್ರ ಕೋಟು, ಮೂರೂ ಸೇರಿದ ವಾಸನೆ. ನಿನ್ನೆ ಸಂಜೆ ನೆಲಮಾಳಿಗೆಯ ಸ್ಟೋರಿನಿಂದ ಅಂಥದೊಂದು ಕಟ್ಟು ತಂದು ಊಟದ ಮೇಜಿನ ಮೇಲಿಟ್ಟೆ. ಹೆಂಡತಿ ಸುಮಾ ಸಾರಿನ ಪಾತ್ರೆಯನ್ನು ಎತ್ತಿಕೊಂಡು ದೂರ ಹೋದಳು. ಮಗಳು ಸಿರಿಗೆ ಶಾಲೆಯಲ್ಲಿ ಕೆಲಸ ಕೊಟ್ಟಿದ್ದಾರೆ: ಎರಡು ಮಹಾಯುದ್ಧಗಳ ನಡುವಿನ ಯಾವುದಾದರೂ ಒಂದು ತಿಂಗಳು ಆರಿಸಿಕೊಂಡು, ಆಗ ಜಗತ್ತಿನಲ್ಲಿ ನಡೆದ ದೊಡ್ಡ ಸಂಗತಿಗಳನ್ನು ಬರೆಯಬೇಕಂತೆ. ಉಳಿದ ಮಕ್ಕಳು ಇಂಟರ್‌ನೆಟ್ಟಿನಲ್ಲಿ ಹುಡುಕುತ್ತಾರೆ. ನಮ್ಮ ಮನೆಯಲ್ಲೋ, ಸಾವಿರದ ಒಂಬೈನೂರ ಮೂವತ್ತರ ಮಾರ್ಚ್ ತಿಂಗಳು ಇಡಿಯಾಗಿ ಬಿದ್ದುಕೊಂಡಿದೆ.

ಅದು ಬ್ರಿಟಾ ಅವರದು. ನಾವು ಮೊದಲ ಸಲ ಸ್ವೀಡನ್ನಿನ ಈ ಲುಂಡ್‌ ಊರಿಗೆ ಬಂದಾಗ ಅವರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆವು. ಎಂಬತ್ತು ದಾಟಿದ ಒಂಟಿ ಹೆಂಗಸು, ಸೈಕಲ್ ಬಿಟ್ಟಿರಲಿಲ್ಲ. ಇಲ್ಲಿ ಎಲ್ಲರನ್ನೂ ಹೆಸರು ಹಿಡಿದೇ ಕರೆಯಬೇಕು. ಅಜ್ಜಿಯ ವಯಸ್ಸಿನವರನ್ನು ‘ಬ್ರಿಟಾ’ ಎನ್ನಲು ನನಗೆ ನಾಲಿಗೆ ಹೊರಳದೆ, ಕೊನೆಗೆ ಒಂದು ‘ಅಮ್ಮ’ ಅಂಟಿಸಿ ‘ಬ್ರಿಟಾಮ್ಮ’ ಮಾಡಿಕೊಂಡೆ. ಅದನ್ನು ಭಾರತದ ಯಾವುದೋ ಬಿರುದು ಎಂದುಕೊಂಡು ಅವರು ಖುಷಿಯಾಗಿದ್ದರು.

ಅವರು ಹುಟ್ಟಿದ್ದು ಆ ಮಾರ್ಚಿನಲ್ಲಿ. ಅಪ್ಪ ಆ ತಿಂಗಳ ಪತ್ರಿಕೆಗಳನ್ನೆಲ್ಲ ಹೊಲಿಸಿ ಇಟ್ಟಿದ್ದರು. ಬೆಳಗಿನ ಕಾಫಿಗೆ ಬ್ರಿಟಾಮ್ಮ ಓದುತ್ತಿದ್ದುದು ಅದನ್ನೇ. ಜೂನ್ ಹತ್ತಾದರೂ ಮಾರ್ಚ್ ಹತ್ತು, ಡಿಸೆಂಬರ್ ಹತ್ತಾದರೂ ಮಾರ್ಚ್ ಹತ್ತು. ಹೊರಗೆ ಹಿಮ ಬೀಳಲಿ, ಬಿಸಿಲಿರಲಿ, ಆ ಅಡುಗೆಮನೆಯಲ್ಲಿ ವರ್ಷವಿಡೀ ಒಂದೇ ತಿಂಗಳು.

“ಇವತ್ತಿನ ಪೇಪರ್ ಯಾಕೆ ಓದಲ್ಲ?” ಎಂದು ಕೇಳಿದ್ದೆ.

“ಅದರಲ್ಲಿ ಎಲ್ಲಾ ಸುದ್ದಿನೂ ದೊಡ್ಡದೇ. ಇದರಲ್ಲಾದ್ರೆ ಯಾವುದು ದೊಡ್ಡದು, ಯಾವುದು ಚಿಕ್ಕದು ಅಂತ ಈಗಾಗಲೇ ತೀರ್ಮಾನ ಆಗಿದೆ” ಎಂದರು.

ನಿಜವೇ. ಆ ಪತ್ರಿಕೆಯ ಮುಖಪುಟದಲ್ಲಿ ಹಿಮದ ಮೇಲೆ ಜಾರಿ ಗೆದ್ದವನ ಅಗಲವಾದ ಫೋಟೊ. ಒಳಪುಟದಲ್ಲಿ, ಆಕಾಶದಲ್ಲಿ ಹೊಸ ಗ್ರಹವೊಂದು ಸಿಕ್ಕಿತೆಂಬ ವರದಿ. ತಿಂಗಳ ಕೊನೆಗೆ, ತುರ್ಕಿಯವರು ತಮ್ಮ ಊರನ್ನು ಇನ್ನು ಇಸ್ತಾಂಬುಲ್ ಎಂದೇ ಬರೆಯಿರಿ ಎಂದು ಲೋಕಕ್ಕೆಲ್ಲ ತಾಕೀತು ಮಾಡಿದ ಸುದ್ದಿ. ಬೆಂಗಳೂರಿನವನಾದ ನನಗೆ ಅವರ ಸಂಕಟ ಚೆನ್ನಾಗಿ ಗೊತ್ತು. ಮತ್ತೆ ಎಲ್ಲಕ್ಕೂ ಕೆಳಗೆ, ಬೂಟ್ ಪಾಲಿಶಿನ ಜಾಹೀರಾತಿಗೆ ಒತ್ತಿಕೊಂಡು, ಬೆರಳಗಲದ ಒಂದು ಸುದ್ದಿ: ಭಾರತದಲ್ಲಿ ಕೋಲು ಹಿಡಿದ ಮುದುಕರೊಬ್ಬರು ಉಪ್ಪು ಹೆಕ್ಕಲು ಸಮುದ್ರದ ಕಡೆ ನಡೆಯುತ್ತಿದ್ದಾರೆ.

ನಾನು ಭಾರತದವನಾದ್ದರಿಂದ ಆ ನಡಿಗೆಯ ಜವಾಬ್ದಾರಿಯೆಲ್ಲ ನನ್ನ ತಲೆಗೇ ಬಂತು. “ನಿಮ್ಮ ಮುದುಕ ಇವತ್ತು ಎಲ್ಲಿಗೆ ಬಂದ?” ಎಂದು ಮೆಟ್ಟಿಲ ಬಳಿ ಹಿಡಿದು ನಿಲ್ಲಿಸುತ್ತಿದ್ದರು. ದಾರಿಯ ಒಂದು ಊರಿನ ಹೆಸರೂ ನನಗೆ ಬಾರದು. “ಬರ್ತಾ ಇದ್ದಾರೆ, ಬರ್ತಾ ಇದ್ದಾರೆ” ಎಂದು ಬಸ್ಸಿನ ಕಂಡಕ್ಟರನಂತೆ ಸಮಾಧಾನ ಹೇಳುತ್ತಿದ್ದೆ. ಮುಂದಿನದನ್ನು ಹೇಳಹೊರಟರೆ ಮಾತ್ರ ಎರಡೂ ಕಿವಿ ಮುಚ್ಚಿಕೊಳ್ಳುತ್ತಿದ್ದರು. ಅವರ ಕಟ್ಟು ಮೂವತ್ತೊಂದಕ್ಕೆ ಮುಗಿಯುತ್ತಿತ್ತು, ಮುದುಕರು ಸಮುದ್ರ ಮುಟ್ಟಿದ್ದು ಏಪ್ರಿಲಿನಲ್ಲಿ. ಹೀಗಾಗಿ ಆ ಮನೆಯಲ್ಲಿ ಅವರು ಪ್ರತಿ ತಿಂಗಳೂ ಹೊರಟು, ತಲುಪದೆ, ಒಂದನೇ ತಾರೀಕಿಗೆ ಮತ್ತೆ ಆಶ್ರಮದಲ್ಲಿ ಕೂತಿರುತ್ತಿದ್ದರು.

ಇಷ್ಟರಲ್ಲಿ ನಮ್ಮ ನಡಿಗೆಯೇ ಎಡವಿತು. ಕೆಲಸದ ಪರ್ಮಿಟ್ ನವೀಕರಣಕ್ಕೆ ಹಾಕಿದ ಅರ್ಜಿಗೆ ಇಲಾಖೆಯಿಂದ ಒಂದು ಪ್ರಶ್ನೆ ಬಂತು: ನೀವು ರಜೆ ಏಕೆ ತೆಗೆದುಕೊಂಡಿಲ್ಲ? ನಾನು ಹಿಗ್ಗಿ, ನನ್ನ ನಿಷ್ಠೆಯನ್ನು ಕೊಂಡಾಡುತ್ತಿದ್ದಾರೆ ಎಂದುಕೊಂಡೆ. ಬೆಂಗಳೂರಿನಲ್ಲಿ ರಜೆ ಹಾಕದವನಿಗೆ ಹಾರ ಹಾಕುತ್ತಾರೆ. ಜ್ವರ ಬಂದರೂ ಮೀಟಿಂಗಿನಲ್ಲಿ ಕೆಮ್ಮುತ್ತ ಕೂರುವವನೇ ನಮ್ಮಲ್ಲಿ ಶೂರ. ಗೆಳೆಯ ಪ್ರಕಾಶನಿಗೆ ಹೆಮ್ಮೆಯಿಂದ ಫೋನ್ ಮಾಡಿದೆ.

“ಲೇ, ಲೀವೇ ತಗೊಂಡಿಲ್ವಾ? ಕೆಟ್ಟೆಯಲ್ಲೋ ಗುರು!” ಎಂದ. “ಇಲ್ಲಿ ಲೀವ್ ತಗೊಂಡಿಲ್ಲ ಅಂದ್ರೆ ಕಂಪನಿ ನಿನ್ನ ಹಿಂಡ್ತಾ ಇದೆ ಅಂತ ಅರ್ಥ. ರೂಲ್ಸ್ ಬ್ರೇಕ್ ಆಯ್ತು. ಒಂದ್ಸಲ ಶನಿಶಾಂತಿನಾದ್ರೂ ಮಾಡಿಸು, ವಿಡಿಯೋ ಕಾಲಲ್ಲಿ ಮಾಡ್ತಾರೆ.”

ಉಪ್ಪು ತಿಂದವನು ನೀರು ಕುಡಿಯಬೇಕು ಅನ್ನುತ್ತಾರೆ. ಅಯ್ಯೋ, ನಾನು ತಿಂದ ಉಪ್ಪಾದರೂ ಯಾವುದು? ಮೈಮುರಿದು ದುಡಿದದ್ದೇ ತಪ್ಪಾಯಿತೆ! ಅರ್ಜಿ ತಿರಸ್ಕಾರವಾದರೆ ಮೂವರೂ ಗಂಟುಮೂಟೆ ಕಟ್ಟಬೇಕು. ಸಿರಿ ಆಗ ‘ದಾಗಿಸ್’ಗೆ, ಅಂದರೆ ಇಲ್ಲಿನ ಶಿಶುವಿಹಾರಕ್ಕೆ ಹೋಗುತ್ತಿದ್ದಳು, ನಿದ್ದೆಯಲ್ಲಿ ಕನವರಿಸುವುದೂ ಸ್ವೀಡಿಷಿನಲ್ಲೇ. ನನಗೆ ಅನ್ನ ಸೇರುತ್ತಿರಲಿಲ್ಲ.

ಶನಿಶಾಂತಿಯನ್ನೂ ಮಾಡಿಸಿದೆ. ಕೆಳಗೆ ಹೊಗೆ ಮೂಸಿ ಬಂದ ಬ್ರಿಟಾಮ್ಮನಿಗೆ, ಒಂದು ಗ್ರಹಕ್ಕೆ ನನ್ನ ಮೇಲೆ ಮುನಿಸು ಬಂದಿದೆ ಎಂದು ವಿವರಿಸಿದೆ. ಅವರು ತಮ್ಮ ಪತ್ರಿಕೆಯ ಹೊಸ ಗ್ರಹದ ಮೇಲೆ ಬೆರಳಿಟ್ಟರು. “ಇದೂ ಎಪ್ಪತ್ತು ಚಿಲ್ಲರೆ ವರ್ಷ ಪ್ರಾಮಾಣಿಕವಾಗಿ ಸುತ್ತಿತು. ಆಮೇಲೆ ಯಾವುದೋ ಒಂದು ಷರತ್ತು ಪೂರೈಸಿಲ್ಲ ಅಂತ ಗ್ರಹದ ಪಟ್ಟ ಕಿತ್ಕೊಂಡ್ರು. ಪಾಪ, ಅದೂ ರಜೆ ತಗೊಂಡಿರಲಿಲ್ಲವೇನೋ.”

ಸುಮಾ ಮೊದಲು ನಕ್ಕಳು, ಆಮೇಲೆ ಅತ್ತಳು.

ಅರ್ಜಿ ತಿರಸ್ಕಾರವಾಯಿತು. ಹೊರಡುವ ದಿನ ಉಳಿದ ಬೇಳೆ, ಸಾಂಬಾರ್ ಪುಡಿ, ಉಪ್ಪಿನ ಡಬ್ಬಿಯನ್ನೆಲ್ಲ ಕೆಳಗೆ ಕೊಂಡೊಯ್ದೆವು. ಉಪ್ಪನ್ನು ಕೈಯಿಂದ ಕೈಗೆ ಕೊಡಬಾರದೆಂದು ಸುಮಾ ಡಬ್ಬಿಯನ್ನು ಮೇಜಿನ ಮೇಲಿಟ್ಟಳು. ಬ್ರಿಟಾಮ್ಮ ಅದನ್ನೇ ನೋಡುತ್ತ ನಿಂತು, “ಈಗ ಹೇಳು. ತಲುಪಿದರಾ?” ಎಂದರು.

“ತಲುಪಿದರು. ಬಗ್ಗಿ ಒಂದು ಮುಷ್ಟಿ ಎತ್ತಿಕೊಂಡರು.”

“ನನಗೆ ಗೊತ್ತಿಲ್ಲದೆ ಏನು! ಶಾಲೆಯಲ್ಲೇ ಓದಿದ್ದೆ. ಆದರೆ ಈ ಪೇಪರ್ ಅಚ್ಚಾದ ದಿನ ಅವರಿಗೇ ಗೊತ್ತಿರಲಿಲ್ಲ ನೋಡು. ಗೊತ್ತಿಲ್ಲದೇನೇ ನಡೀತಾ ಇದ್ದರು.” ಕಟ್ಟನ್ನು ನನ್ನ ಕೈಗಿಟ್ಟರು. “ತಗೊಂಡು ಹೋಗು. ನನಗೆ ಬಾಯಿಪಾಠ ಆಗಿದೆ.”

ಕೆಲವು ವರ್ಷಗಳ ಮೇಲೆ ಬೇರೆ ಕಂಪನಿ ಹಿಡಿದು ಇದೇ ಊರಿಗೆ ಮರಳಿದೆವು. ಬ್ರಿಟಾಮ್ಮ ಅಷ್ಟರಲ್ಲಿ ತೀರಿಕೊಂಡಿದ್ದರು. ಈಗ ಪೌರತ್ವದ ಅರ್ಜಿ ಹಾಕಿದ್ದೇನೆ, ಬೆಳಗಾದರೆ ಹಲ್ಲುಜ್ಜುವ ಮೊದಲು ವೆಬ್‌ಸೈಟ್ ತೆರೆಯುತ್ತೇನೆ. ಬುದ್ಧಿ ಬಂದಿದೆಯೇ ಎಂದು ಕೇಳಬೇಡಿ. ಈಗ ಕಾಯಿದೆಗೆ ಬೇಕಾದಷ್ಟು ರಜೆ ಹಾಕುತ್ತೇನೆ; ಹಾಕಿ, ಮನೆಯಲ್ಲಿ ಕೂತು ಕೆಲಸ ಮಾಡುತ್ತೇನೆ.

ಊಟದ ಮೇಜಿನಲ್ಲಿ ಸಿರಿ ಕಟ್ಟಿನ ಕೊನೆಯ ಪುಟ ಮಗುಚಿ, ಮುಂದೆ ಇಲ್ಲವೆಂದು ಹಿಂದೆ ಮುಂದೆ ನೋಡಿದಳು. “ಪಪ್ಪಾ, ಕೊಮ್ ಹನ್ ಫ್ರಮ್?” ಮುದುಕರು ತಲುಪಿದರಾ ಎಂದು ಕೇಳುತ್ತಿದ್ದಾಳೆ. ಹೇಳಲು ಬಾಯಿ ತೆರೆದೆ. ಎರಡು ಕಿವಿಗಳನ್ನು ಮುಚ್ಚಿದ ಆ ಸುಕ್ಕುಗಟ್ಟಿದ ಕೈಗಳು ನೆನಪಾದವು.

“ನಾಳೆ ನಾನು ರಜೆ ಹಾಕ್ತೀನಿ. ಲ್ಯಾಪ್‌ಟಾಪ್ ಮುಟ್ಟಲ್ಲ, ಫೋನೂ ತರಲ್ಲ. ಸಮುದ್ರದವರೆಗೂ ನಡ್ಕೊಂಡು ಹೋಗೋಣ. ಅಲ್ಲಿ ಹೇಳ್ತೀನಿ.”

ಸಿರಿ ಕುರ್ಚಿಯಿಂದ ಎದ್ದು ಬಂದು, ಗಾಬರಿಯಿಂದ ನನ್ನ ಹಣೆ ಮುಟ್ಟಿ ನೋಡಿದಳು.

“ಅಮ್ಮಾ,” ಎಂದು ಒಳಗೆ ಕೂಗಿದಳು, “ಪಪ್ಪಂಗೆ ಏನೋ ಆಗಿದೆ!”