ಗೋಡೆಯ ಮೇಲೆ ನನ್ನ ವೇಳೆ ಬರೆಯುತ್ತಿದ್ದ ಟೈಲರ್ ಅಕ್ಕ

ಹೋದ ಶ್ರಾವಣದ ಎರಡನೇ ಬುಧವಾರ ಮಧ್ಯಾಹ್ನ, ನ್ಯಾಮತಿಯಲ್ಲಿ ಬ್ಲೌಸ್ ಹೊಲಿಯುತ್ತಿದ್ದ ಅಕ್ಕ ಶಿವಮೊಗ್ಗಕ್ಕೆ ಹೋಗುವ ದಾರಿಯಲ್ಲಿ ಆಂಬ್ಯುಲೆನ್ಸ್‌ನಲ್ಲೇ ತೀರಿಕೊಂಡರು. ಅಳತೆಯ ಹಳದಿ ಟೇಪು ಕೊರಳಲ್ಲಿ ಹಾಗೇ ಇತ್ತು. ವಯಸ್ಸು ಐವತ್ತೆರಡು. ನಾನು ಪಕ್ಕದಲ್ಲಿದ್ದೆ.

ಪತ್ರಿಕೆಯೊಂದರ ಡೆಸ್ಕ್ ಕೆಲಸ ಹೋದ ಮೇಲೆ ನಾನು ಊರಿಗೆ ಬಂದು, ಸಂದರ್ಶನಗಳ ರೆಕಾರ್ಡಿಂಗ್ ಕೇಳಿ ಬರಹಕ್ಕಿಳಿಸುವ ಕೆಲಸ ಹಿಡಿದಿದ್ದೆ. ಕೂರಲು ಜಾಗವಿರಲಿಲ್ಲ. ಮನೆಯ ಗೋಡೆಗೆ ಅಂಟಿಕೊಂಡೇ ಹಿಟ್ಟಿನ ಗಿರಣಿ. ಗ್ರಂಥಾಲಯದಲ್ಲಿ ಫೋನಿನಲ್ಲಿ ಮಾತಾಡುವಂತಿಲ್ಲ. ಹೊನ್ನಾಳಿಯಲ್ಲಿ ಒಂದು ಕೋಣೆ ನೋಡಿದೆ. ಅಲ್ಲಿ ನೆಟ್‌ವರ್ಕ್ ನಿಲ್ಲುತ್ತಿರಲಿಲ್ಲ. ಬ್ಲೌಸಿನ ಅಳತೆ ಕೊಡಲು ಅಕ್ಕನ ಅಂಗಡಿಗೆ ಹೋದಾಗ ಇದನ್ನೆಲ್ಲ ಹೇಳಿಕೊಂಡೆ. ಅಕ್ಕ ಕಿಟಕಿಯ ಬಳಿಯಿದ್ದ ಬಟ್ಟೆಗಂಟುಗಳನ್ನು ಕಾಲಿನಿಂದ ಸರಿಸಿದರು.

"ಇಲ್ಲೇ ಕುಂತ್ಕಳವ್ವ. ಫೋನ್ ಚೆನ್ನಾಗಿ ಸಿಗ್ತೈತೆ. ಬಾಡಿಗೆ ಗೀಡಿಗೆ ಅಂದ್ರೆ ಕತ್ರಿ ತಗಂತೀನಿ ನೋಡು."

ಎರಡು ವರ್ಷ ಅದೇ ನನ್ನ ಕಚೇರಿ. ಬೆಳಿಗ್ಗೆ ಹೋದ ಕೂಡಲೇ "ಇವತ್ತು ಎಷ್ಟೊತ್ತಿಗೆ?" ಎಂದು ಕೇಳಿ, ನನ್ನ ಮೀಟಿಂಗ್‌ಗಳ ವೇಳೆಯನ್ನು ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಗೋಡೆಯ ಮೇಲೆ ಬರೆಯುತ್ತಿದ್ದರು. ಆ ಹೊತ್ತಿಗೆ ಮಿಷನ್ ನಿಲ್ಲಿಸಿ ಹುಕ್ಕು, ಕಾಜಾದ ಕೈಕೆಲಸ ಇಟ್ಟುಕೊಳ್ಳುತ್ತಿದ್ದರು. ಮಾತಾಡಲೆಂದೇ ಬರುವ ಗಿರಾಕಿಗಳನ್ನು ಬಾಗಿಲಲ್ಲೇ ತಡೆಯುತ್ತಿದ್ದರು.

"ಸುಮ್ಕಿರ್ರಿ, ಒಳಗೆ ಆಫೀಸ್ ಐತೆ."

"ನಿನ್ ಅಂಗ್ಡೀಗೆ ಬಂದು ಬಾಯಿಗೆ ಹುಕ್ಕು ಹಾಕ್ಕಂಡು ಕುಂತ್ಕಬೇಕೇನಕ್ಕ?" ಎಂದು ಒಬ್ಬಾಕೆ ರೇಗಿದಳು.

"ಹಾಕ್ಕ. ಹುಕ್ಕು ನಾನೇ ಕೊಡ್ತೀನಿ."

ಕೆಲವರು ಬೇರೆ ಟೈಲರ್ ಹುಡುಕಿಕೊಂಡರು. ನಾನು ಬೇರೆ ಜಾಗ ನೋಡುತ್ತೇನೆ ಎಂದಾಗ ಅಕ್ಕ ತಲೆ ಎತ್ತಲಿಲ್ಲ. "ಅವ್ರು ಮಾತಾಡಾಕೆ ಬರೋರು. ನೀನು ದುಡಿಯಾಕೆ ಬರೋಳು. ಕುಂತ್ಕ," ಎಂದರು.

ಆ ಬುಧವಾರ ನನಗೆ ಪ್ರತಿ ತಿಂಗಳೂ ಕೆಲಸ ಕೊಡಬಹುದಾಗಿದ್ದ ಸಂಸ್ಥೆಯೊಂದರ ಜೊತೆ ಮೀಟಿಂಗ್ ಇತ್ತು. ಹನ್ನೊಂದಕ್ಕೆ ಶುರುವಾಯಿತು. ನನ್ನ ಕಿವಿಯಲ್ಲಿ ಹೆಡ್‌ಫೋನ್, ಮುಖ ಕಿಟಕಿಯ ಕಡೆ. ಮುಗಿದಾಗ ಹನ್ನೊಂದೂ ನಲವತ್ತು. ತಿರುಗಿ ನೋಡಿದರೆ ಅಕ್ಕ ಗೋಡೆಗೊರಗಿ ನೆಲದ ಮೇಲೆ ಕೂತಿದ್ದರು. ಮೈಯೆಲ್ಲ ಬೆವೆತಿತ್ತು.

"ಮುಗೀತಾ? ಎದೆ ಹಿಡ್ಕಂಡೈತೆ ಕಣವ್ವ."

ಊರಿನ ಆಸ್ಪತ್ರೆಯಲ್ಲಿ ಡಾಕ್ಟರು, ನೋವು ಯಾವಾಗ ಶುರುವಾಯಿತೆಂದು ಕೇಳಿದರು. "ಇವಳ ಮೀಟಿಂಗ್ ಶುರುವಾಗಿ ಸ್ವಲ್ಪ ಹೊತ್ತಿಗೆ," ಎಂದರು ಅಕ್ಕ. ಡಾಕ್ಟರು ನನ್ನ ಮುಖ ನೋಡಿದರು. ತಕ್ಷಣ ಶಿವಮೊಗ್ಗಕ್ಕೆ ಬರೆದುಕೊಟ್ಟರು.

ಆ ಸಂಸ್ಥೆಯ ಕೆಲಸ ನನಗೆ ಸಿಕ್ಕಿತು.

ಮೀಟಿಂಗಿನ ರೆಕಾರ್ಡಿಂಗನ್ನು ಸಂಸ್ಥೆಯವರು ಕಳಿಸಿದ್ದರು. ಹದಿನೇಳನೇ ನಿಮಿಷದಲ್ಲಿ, ನನ್ನ ಮಾತಿನ ಹಿಂದೆ, ಗಿರಾಕಿಯೊಬ್ಬಳ ದನಿಯಿದೆ: "ಯಾಕಕ್ಕ, ಹಿಂಗೆ ಬೆವರ್ತಿದೀಯ? ಕರೀಲಾ ಅವಳ್ನ?" ಆಮೇಲೆ ಅಕ್ಕನ ದನಿ: "ಬ್ಯಾಡ. ಮುಗೀಲಿ. ನೀನು ಸಂಜೆ ಬಾರವ್ವ."

ಅಕ್ಕನ ಮಗಳು ಸಂತೇಬೆನ್ನೂರಿನಲ್ಲಿದ್ದಾಳೆ. ರೆಕಾರ್ಡಿಂಗಿನಲ್ಲಿ ಏನಿದೆಯೆಂದು ಹೋದ ವಾರ ಅವಳಿಗೆ ಹೇಳಿದೆ. ತನಗೆ ಅದು ಬೇಕು ಎಂದಳು. ಏನನ್ನೂ ಕತ್ತರಿಸದೆ ಕಳಿಸಿದೆ. ನಿನ್ನೆ ಸಂಜೆ ಫೋನ್ ಮಾಡಿದಾಗ, ಇನ್ನೂ ತೆರೆದಿಲ್ಲ ಎಂದಳು.